ಹೊಳೆದಂಡೆಯ ಊರು ಬರೆದರೆ ನೀರು ಮಾತ್ರ ಕೆಸರಾಗುತ್ತಿದೆ

ಹೊಳೆದಂಡೆ:
ಚಿತ್ರ ಬರೆಯುತ್ತಿರುವುದು ಕೊಡಗಿನ ಸಿದ್ದಾಪುರದ ಕಡೆಯಿಂದ ಕಾಣುವ ನೆಲ್ಯಹುದಿಕೇರಿಯ ದಂಡೆ. ಹೆಂಚಿನ ಮನೆಗಳು, ಬಿದಿರು ಮೆಳೆ, ಹಿಂದೆ ತೋಟದ ಸಿಲ್ವರ್ ಓಕ್ ಸಾಲು, ಮುಂದೆ ಕಾವೇರಿ. 40×50 ಸೆಂ.ಮೀ. ಕಾಟನ್ ಕ್ಯಾನ್ವಾಸ್, ಆಯಿಲ್ ಬಣ್ಣ, ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಬರೆದ ಮೊನೆ, ಸಿಸ್ಲೆ ರೀತಿಯ ಇಂಪ್ರೆಷನಿಸ್ಟ್ ಕೆಲಸ (ಬಿಡಿ ಗೀಟುಗಳಲ್ಲಿ ಆ ಹೊತ್ತಿನ ಬೆಳಕು ಹಿಡಿಯುವುದು). ಮನೆ, ಮರ ಹೇಗೋ ನಿಲ್ಲುತ್ತವೆ. ನೀರಿಗೆ ಬಂದರೆ ಹುರುಳಿ ಸಾರಿನ ಬಣ್ಣ. ಹಸಿರೆಲ್ಲ ಒಂದೇ ತರ. ಮೇಲಿಂದ ಎರಡು ವಾರವಾದರೂ ಅಂಟಂಟು. ಇರುವ ಟ್ಯೂಬ್: ಟೈಟಾನಿಯಂ ವೈಟ್, ಅಲ್ಟ್ರಾಮರೀನ್ (ನೀಲಿ), ವಿರಿಡಿಯನ್ (ನೀಲಿ ಛಾಯೆಯ ಹಸಿರು), ಸ್ಯಾಪ್ ಗ್ರೀನ್, ಕ್ಯಾಡ್ಮಿಯಂ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣುಹಳದಿ), ಅಲಿಜರಿನ್ ಕ್ರಿಮ್ಸನ್ (ಕಡುಗೆಂಪು), ಬರ್ಂಟ್ ಸಿಯೆನ್ನಾ (ಕೆಂಗಂದು), ಕಪ್ಪು. ಇನ್ನೇನು ತರಿಸಬೇಕು?

ಚಪ್ಪಟೆ ಬ್ರಷ್:
ಏನೂ ತರಿಸಬೇಡಿ. ಇರುವುದರಲ್ಲೇ ಕಪ್ಪು, ಸ್ಯಾಪ್ ಗ್ರೀನ್ ಎರಡನ್ನೂ ಪೆಟ್ಟಿಗೆಗೆ ಹಾಕಿ. ನೀರು ಕೆಸರಾಗುವುದು ತಿಕ್ಕುವ ಕೈಯಿಂದ. ಹೆಂಚಿನ ಕಿತ್ತಳೆಗೆಂಪು, ಆಕಾಶದ ನೀಲಿ, ಬಿದಿರಿನ ಹಸಿರು, ಮೂರೂ ನೀರಿನಲ್ಲಿ ಪಕ್ಕಪಕ್ಕ ಬೀಳುತ್ತವೆ. ಹಸಿ ಇರುವಾಗ ಅವುಗಳ ಮೇಲೆ ನಾಲ್ಕು ಸಲ ಬ್ರಷ್ ಆಡಿಸಿದರೆ ಬರುವುದು ಹುರುಳಿ ಸಾರೇ.

ಮೊದಲು ಪ್ರತಿಬಿಂಬ: 8ನೇ ನಂಬರಿನ ಚಪ್ಪಟೆ ಹಂದಿಕೂದಲ ಬ್ರಷ್‌ನಲ್ಲಿ ಮೇಲಿಂದ ಕೆಳಗೆ ಎಳೆಯಿರಿ, ತೆಳುವಾಗಿ. ಆಮೇಲೆ ಅದರ ಮೇಲೆ ಆಕಾಶದ ಬಣ್ಣ: ಅಡ್ಡ ಗೀಟುಗಳು, ದಪ್ಪ ಬಣ್ಣ, ಒಂದು ಸಲ ಇಟ್ಟು ಎತ್ತಿಬಿಡಬೇಕು. ಮೂರು ಗೀಟಿಗೊಮ್ಮೆ ಬ್ರಷ್ ಅನ್ನು ಬಟ್ಟೆಯಲ್ಲಿ ಒರೆಸಿ. ಆಚೆ ದಡದ ಹತ್ತಿರ ಗೀಟು ಸಣ್ಣ, ಒತ್ತೊತ್ತು. ನಿಮ್ಮ ಕಾಲಬುಡಕ್ಕೆ ಬಂದಂತೆ ಅಗಲ, ನಡುವೆ ಜಾಗ. ಆ ಜಾಗದಲ್ಲಿ ಕ್ಯಾನ್ವಾಸಿಗೆ ಮೊದಲೇ ಬಳಿದ ತಿಳಿ ಬೂದು ಲೇಪ ಇಣುಕಲಿ, ಮುಚ್ಚಬೇಡಿ. ಸಿಸ್ಲೆ 1872ರಲ್ಲಿ ಬರೆದ ವಿಲ್‌ನವ್-ಲಾ-ಗರೆನ್ ಸೇತುವೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ (ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿದೆ). ನೀರೆಂದರೆ ಅಲ್ಲಿ ಬರೀ ಚಪ್ಪಟೆ ತುಂಡು ಗೀಟುಗಳು, ಒಂದನ್ನೊಂದು ತಿಕ್ಕಿಲ್ಲ.

ಗೂಟದ ದೋಣಿ:
ಒಂದು ತಿದ್ದುಪಡಿ. ಪ್ರತಿಬಿಂಬವೆಂದರೆ ಮೇಲಿನ ಚಿತ್ರವನ್ನು ತಲೆಕೆಳಗು ಮಾಡಿ ಅಂಟಿಸುವುದಲ್ಲ. ದಡದಿಂದ ಹಿಂದೆ ಸರಿದು ನಿಂತ ಮನೆಯ ಗೋಡೆ ನೀರಿನಲ್ಲಿ ಕಾಣುವುದೇ ಇಲ್ಲ, ಏರಿ ಅಡ್ಡ ಬರುತ್ತದೆ. ಮಾಡು ಮಾತ್ರ ಬೀಳುತ್ತದೆ. ಗೋಡೆಯನ್ನೂ ಬರೆದರೆ ಮನೆ ನೀರೊಳಗೇ ನಿಂತ ಹಾಗಿರುತ್ತದೆ. ಬಲಕ್ಕೆ ಬಾಗಿದ ಬಿದಿರು ನೀರಲ್ಲೂ ಬಲಕ್ಕೇ ಬಾಗುತ್ತದೆ, ಎಡಕ್ಕಲ್ಲ. ಕಡು ಬಣ್ಣದ ವಸ್ತು ನೀರಿನಲ್ಲಿ ಒಂದು ಚೂರು ತಿಳಿ, ತಿಳಿ ವಸ್ತು ಒಂದು ಚೂರು ಕಡು. ಬಿಳಿ ಗೋಡೆಯ ಪ್ರತಿಬಿಂಬಕ್ಕೆ ಟ್ಯೂಬಿನ ಬಿಳಿ ಹಾಕಿದ್ದರೆ ಅಲ್ಲೇ ಕೆಟ್ಟಿತು. ಕಣ್ಣು ಕಿರಿದು ಮಾಡಿ ನೋಡಿ, ಇಲ್ಲವೇ ಕ್ಯಾನ್ವಾಸ್ ತಲೆಕೆಳಗಿಡಿ, ತಪ್ಪು ತಾನಾಗೇ ಎದ್ದು ಕಾಣುತ್ತದೆ.

ಯಾವ ತಿಂಗಳ ಹೊಳೆ ಅನ್ನುವುದನ್ನೂ ನೀವು ಹೇಳಿಲ್ಲ. ಜುಲೈಯಲ್ಲಿ ಕಾವೇರಿ ಕೆಂಪು ನೀರು, ಪ್ರತಿಬಿಂಬ ಮಸುಕು, ಮಣ್ಣಿನ ಬಣ್ಣವೇ ಮುಂದೆ. ಅದಕ್ಕೆ ನೀಲಿ ಬಳಿದರೆ ಸುಳ್ಳು. ಜನವರಿಯಲ್ಲಿ ತಿಳಿನೀರು, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಸಿದ್ದಾಪುರದ ಕಡೆ ನಿಂತವರಿಗೆ ನಡುಹಗಲು ಬೆಳಕು ಬೆನ್ನ ಹಿಂದೆ, ನೆರಳೇ ಸಿಗುವುದಿಲ್ಲ, ಎಲ್ಲ ಚಪ್ಪಟೆ. ಬೆಳಿಗ್ಗೆ ಬೇಗ ಕೂತರೆ ಬಲಗಡೆಯಿಂದ ಓರೆ ಬೆಳಕು.

ಕಾಫಿ ಹೂ:
ಕಪ್ಪಿನ ಮೇಲೆ ಅಷ್ಟು ಕೋಪ ಬೇಡ. ಮೊನೆಯ ಜೊತೆಗಾರ ರೆನ್ವಾರ್ 1874ರ 'ಲಾ ಲೋಜ್' ಚಿತ್ರದಲ್ಲಿ ಕಪ್ಪನ್ನೇ ಮೆರೆಸಿದ್ದಾನೆ. ಆದರೆ ನೀರಿನ ನೆರಳಿಗೆ ಬೇಡ ಅನ್ನುವುದು ಸರಿ. ಅಲ್ಟ್ರಾಮರೀನ್ + ಬರ್ಂಟ್ ಸಿಯೆನ್ನಾ ಕಲಸಿದರೆ ಕಪ್ಪಿಗೆ ಸಾಕಾಗುವಷ್ಟು ಕಡು ಬರುತ್ತದೆ, ಜೀವವೂ ಇರುತ್ತದೆ.

ಹಸಿರು: ಕಾಫಿ ಗಿಡದ ಕಡು ಹಸಿರಿಗೆ ವಿರಿಡಿಯನ್‌ಗೆ ಸ್ವಲ್ಪ ಬರ್ಂಟ್ ಸಿಯೆನ್ನಾ. ಬಿದಿರಿಗೆ ಯೆಲ್ಲೋ ಓಕರ್ ಹೆಚ್ಚು, ಅಲ್ಟ್ರಾಮರೀನ್ ಕಮ್ಮಿ. ಸಿಲ್ವರ್ ಓಕ್ ಎಲೆಯ ಅಡಿ ಬೆಳ್ಳಗಿರುವುದರಿಂದ ದೂರಕ್ಕೆ ಅದು ಹಸಿರೇ ಅಲ್ಲ, ಬೂದು: ಬಿಳಿ, ಅಲ್ಟ್ರಾಮರೀನ್, ಕಾಳಿನಷ್ಟು ಕ್ರಿಮ್ಸನ್. ಮಂಜಿದ್ದರಂತೂ ಆ ಸಾಲಿಗೂ ಆಕಾಶಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ ಇರಲಿ. ಮೊನೆ 1878ರಿಂದ 1881ರವರೆಗೆ ಫ್ರಾನ್ಸಿನ ಸೆನ್ ನದಿ ದಂಡೆಯ ವೆತೇಯ್ ಎಂಬ ಊರಿನಲ್ಲಿದ್ದ. 1879ರಲ್ಲಿ ಆ ಊರನ್ನು ಮಂಜಿನಲ್ಲಿ ಬರೆದದ್ದರಲ್ಲಿ ಕಡು ಅನ್ನುವುದೇ ಹೆಚ್ಚುಕಮ್ಮಿ ಇಲ್ಲ. ನಮ್ಮ ಚಳಿಗಾಲದ ಬೆಳಗಿಗೆ ಅದಕ್ಕಿಂತ ಒಳ್ಳೆ ಪಾಠ ಸಿಗಲಾರದು.

ಹೊಳೆದಂಡೆ:
ಗೋಡೆ ಪ್ರತಿಬಿಂಬ ಬರೆದೇ ಇದ್ದೆ, ಕೆರೆಯುತ್ತೇನೆ. ಒಣಗದಿರುವುದಕ್ಕೆ? ಟರ್ಪೆಂಟೈನ್ ಸಾಲದೆ ಸೀಮೆಎಣ್ಣೆ, ಲಿನ್ಸೀಡ್ (ಅಗಸೆ ಎಣ್ಣೆ) ಮುಗಿದಾಗ ಸ್ವಲ್ಪ ಕೊಬ್ಬರಿ ಎಣ್ಣೆ ಸೇರಿದೆ.

ಚಪ್ಪಟೆ ಬ್ರಷ್:
ಕೊಬ್ಬರಿ ಎಣ್ಣೆಯಾ! ಅದು ಎರಡು ವಾರವಲ್ಲ, ಎರಡು ವರ್ಷಕ್ಕೂ ಒಣಗುವುದಿಲ್ಲ. ಲಿನ್ಸೀಡ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆಗೆ ಆ ಗುಣವಿಲ್ಲ. ಸೇರಿದ ಕಡೆಯೆಲ್ಲ ಕ್ಯಾನ್ವಾಸ್‌ವರೆಗೆ ಕೆರೆದು, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಬರೆಯಿರಿ. ಸೀಮೆಎಣ್ಣೆ ನಿಧಾನಕ್ಕೆ ಆರುತ್ತದೆ, ಜಿಡ್ಡು ಬಿಡುತ್ತದೆ, ಬ್ರಷ್ ತೊಳೆಯಲಿಕ್ಕೆ ಮಾತ್ರ ಇಟ್ಟುಕೊಳ್ಳಿ. ಕೆಳಪದರಕ್ಕೆ ಬರೀ ಟರ್ಪೆಂಟೈನ್, ಮೇಲಿನದಕ್ಕೆ ಬೇಕೆನಿಸಿದರೆ ಲಿನ್ಸೀಡ್ ಹನಿ. ಉಲ್ಟಾ ಮಾಡಿದರೆ ಮೇಲಿನ ಪದರ ಮೊದಲು ಬಿಗಿದು ಬಿರುಕು ಬಿಡುತ್ತದೆ. ಅವಸರ ಇದ್ದರೆ ಆಲ್ಕಿಡ್ ಮೀಡಿಯಂ (ಬಣ್ಣಕ್ಕೆ ಕಲಸುವ, ಬೇಗ ಒಣಗುವ ರಾಳದ ದ್ರವ), ತೆಳು ಪದರ ಒಂದು ದಿನದಲ್ಲಿ ಕೈಗೆ ಅಂಟದು.

ಗೂಟದ ದೋಣಿ:
ಮಳೆಗಾಲದಲ್ಲಿ ಹಸಿ ಗೋಡೆಗೆ ಒರಗಿಸಬೇಡಿ, ಹಿಂಬದಿಗೆ ಬೂಷ್ಟು ಬರುತ್ತದೆ. ಹಿಂದೆ ನಾಲ್ಕು ಮೂಲೆಗೂ ಬಿರಡೆ ಚೂರು ಅಂಟಿಸಿ, ಗಾಳಿ ಆಡಲಿ. ಬೀರುವಿನ ಕತ್ತಲೂ ಬೇಡ, ಲಿನ್ಸೀಡ್ ಹಳದಿ ತಿರುಗುತ್ತದೆ. ತಿರುಗಿದ್ದರೆ ಕೆಲವು ದಿನ ಬೆಳಕಿಗಿಟ್ಟರೆ ತಿಳಿಯಾಗುತ್ತದೆ. ಮಳೆಯಲ್ಲಿ ಬಟ್ಟೆ ಸಡಿಲವಾಯಿತೆಂದು ಹಿಂಬದಿ ಚೌಕಟ್ಟಿನ ಮೂಲೆಯ ಬೆಣೆ ಹೊಡೆಯಲು ಹೋಗಬೇಡಿ, ಬೇಸಿಗೆಯಲ್ಲಿ ಅತಿ ಬಿಗಿಯಾಗುತ್ತದೆ.

ಹಾಂ, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಲಿನ್ಸೀಡ್ ಒಣಗುವಾಗ ಬಿಸಿ ಹುಟ್ಟಿ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲ ಬಕೆಟ್ ನೀರಿಗೆ ಹಾಕಿ.