ಜಪಾನಿನಲ್ಲಿ ಒಂದು ಭಾನುವಾರ, ಯಾರದೋ ಮನೆಯಲ್ಲಿ: ಮಕ್ಕಳನ್ನು ಕಳಿಸಿದವರು ಹೇಳಿ

ಕೊತ್ರೂಡ್ ಅಮ್ಮ
ಮಗಳು 11ನೇ ಕ್ಲಾಸು, ಜಪಾನೀಸ್ ಭಾಷಾ ಪರೀಕ್ಷೆಯ ಎನ್4 ಹಂತ ಆಗಿದೆ. ಮೇ ತಿಂಗಳಲ್ಲಿ 18 ಮಕ್ಕಳ ತಂಡ ಪುಣೆಯಿಂದ ಒಸಾಕಾ, ಒಕಾಯಾಮಾ ಕಡೆಗೆ 8 ದಿನಕ್ಕೆ ಹೋಗುತ್ತಿದೆ. ಒಕಾಯಾಮಾದಲ್ಲಿ ಒಂದು ಭಾನುವಾರ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಇಬ್ಬಿಬ್ಬರನ್ನು ಒಂದೊಂದು ಮನೆಗೆ ಕಳಿಸುತ್ತಾರಂತೆ. ರಾತ್ರಿ ಉಳಿಯುವುದಿಲ್ಲ. ಬೇಡ ಅನ್ನುವವರು ಟೀಚರ್ ಜೊತೆ ಕೋಟೆ ನೋಡಲು ಹೋಗಬಹುದು. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಊಟಕ್ಕೆ ಏನು ಮಾಡುವುದು, ಉಡುಗೊರೆ ಏನು ಕಳಿಸುವುದು, ಕೈಗೆ ಎಷ್ಟು ದುಡ್ಡು ಕೊಡುವುದು? ಶುಕ್ರವಾರದೊಳಗೆ ಒಪ್ಪಿಗೆ ಪತ್ರ ಕೊಡಬೇಕು.

ಪಿಂಪ್ರಿ ಪಾಟೀಲ
ಅಕ್ಕಾರ, ಊಟ ಉಡುಗೊರಿ ಎಲ್ಲಾ ಆಮ್ಯಾಲೆ. ಮೊದಲ ಬಿಲ್ ಯಾರ ಪ್ಯಾನ್ ಮ್ಯಾಲ ಹರಿತಾರ ಕೇಳ್ರಿ. ನಮ್ಮ ಹುಡುಗ ಸಾಲಿ ತಂಡದ ಜೋಡಿ ಹೋಗಿದ್ದು ಜರ್ಮನಿಗೆ, 2025ರ ಜೂನ್. ಪ್ಯಾಕೇಜ್ 2,40,000. ಅದರ ಮ್ಯಾಲ ಜಿಎಸ್‌ಟಿ ಶೇ 5, ಅಂದ್ರ 12,000. ಆ 2,52,000ದ ಮ್ಯಾಲ ಆಗ ಟಿಸಿಎಸ್ (ರೊಕ್ಕ ಕಟ್ಟುವಾಗಲೇ ಹಿಡಕೊಳ್ಳೋ ಆದಾಯ ತೆರಿಗಿ) ಶೇ 5 ಇತ್ತು, ಅಂದ್ರ 12,600. ಇಲ್ಲಿಗೆ 2,64,600ಕ್ಕ ಮುಗೀಬೇಕಿತ್ತು. ಏಜೆಂಟ್ ನಮ್ಮ ಹುಡುಗನ ಹೆಸರಿಗೇ ಬಿಲ್ ಹರದ. ಹುಡುಗಗ ಪ್ಯಾನ್ ಇಲ್ಲ. ಆಗ ಪ್ಯಾನ್ ಇಲ್ಲಂದ್ರ ಟಿಸಿಎಸ್ ದುಪ್ಪಟ್ಟು ಇತ್ತು, 25,200 ಆತು. ಅಪ್ಪನ ಪ್ಯಾನ್ ಕೊಟ್ಟಿದ್ರ 26ಎಎಸ್‌ನಾಗ (ಕಟ್ಟಿದ ತೆರಿಗಿಯ ಪಟ್ಟಿ) ಕಾಣಸ್ತಿತ್ತು, ರಿಟರ್ನ್ಸ್ ತುಂಬುವಾಗ ಹೊಳ್ಳಿ ಬರ್ತಿತ್ತು. ಈಗ ರೊಕ್ಕ ಎಲ್ಲಿ ಐತಿ ಅಂತ ನನ್ನ ಸಿಎಗೂ ಗೊತ್ತಿಲ್ಲ.

ಎರಡನೇದು ವೀಸಾ. ಜರ್ಮನಿಗೆ ಬೇಕಾಗೋ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಕ್ಕ ಒಂದೇ ವೀಸಾ) ಫೀ 2024ರ ಜೂನ್‌ನಿಂದ 90 ಯೂರೋ. ಆದ್ರ ಓದಿನ ಕಾರಣಕ್ಕ ಹೋಗೋ ಸಾಲಿ ಮಕ್ಕಳಿಗೆ, ಜೋಡಿ ಹೋಗೋ ಮಾಸ್ತರಿಗೆ ಆ ಫೀ ಮಾಫಿ ಐತಿ. ಸಾಲಿ ಲೆಟರ್‌ಹೆಡ್ ಮ್ಯಾಲ ಶೈಕ್ಷಣಿಕ ಪ್ರವಾಸ ಅಂತ ಬರದು, ಮಕ್ಕಳ ಹೆಸರಿನ ಪಟ್ಟಿ ಹಚ್ಚಬೇಕು. ಅರ್ಜಿ ತಗೊಳ್ಳೋ ಸೆಂಟರಿನ ಸೇವಾ ಶುಲ್ಕ ಅಷ್ಟ ಬ್ಯಾರೆ. ನಮ್ಮ ಏಜೆಂಟ್ ಒಬ್ಬೊಬ್ಬರ ಕಡಿಂದನೂ 90 ಎಣಿಸಿಕೊಂಡಾನ.

ಮನಿಗೆ ಹೋಗೋ ದಿನ ನಿಮ್ಮದೂ ರವಿವಾರ ಅಂದ್ರಿ. ಜರ್ಮನಿಯೊಳಗ ರವಿವಾರ ಅಂಗಡಿ ಬಂದ್, ಹೂವು ಬೇಕಂದ್ರ ರೈಲ್ವೆ ಸ್ಟೇಶನ್ನಿಗೇ ಓಡಬೇಕು. ಅರ್ಧ ಕಿಲೋ ಧಾರವಾಡ ಪೇಢೆ ಕಳಿಸಿದ್ವಿ, ಅದ ಕೈ ಹಿಡೀತು.

ವಾಸ್ಕೋ ಗೋಡಂಬಿ
ಪಾಟೀಲರೇ, ಪೇಢೆ ಕೈ ಹಿಡಿದದ್ದಲ್ಲ, ಕಸ್ಟಮ್ಸ್‌ನವರು ನಿಮ್ಮ ಹುಡುಗನ ಕೈ ಹಿಡಿಯಲಿಲ್ಲ ಅಷ್ಟೇ. ಐರೋಪ್ಯ ಒಕ್ಕೂಟದ ಹೊರಗಿಂದ ಬರುವ ಪ್ರಯಾಣಿಕರು ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಪೇಢೆ ಅಂದರೆ ಖೋವಾ, ಖೋವಾ ಅಂದರೆ ಹಾಲು. ತುಪ್ಪಕ್ಕೂ ಅದೇ ನಿಯಮ, ಬ್ರಿಟನ್ನಿಗೂ ಭಾರತದಿಂದ ಒಯ್ಯುವಂತಿಲ್ಲ. ಹಣ್ಣು, ಸೊಪ್ಪಿಗೆ ಫೈಟೊಸ್ಯಾನಿಟರಿ ಸರ್ಟಿಫಿಕೇಟ್ (ಕೀಟ, ರೋಗ ಇಲ್ಲ ಅನ್ನುವ ಸರ್ಕಾರಿ ಪತ್ರ) ಕೇಳುತ್ತಾರೆ. ಒಕ್ಕೂಟದಲ್ಲಿ ಅದಿಲ್ಲದೆ ಬಿಡುವ ಹಣ್ಣು ಐದೇ: ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ದುರಿಯನ್. ಜಪಾನಿಗೂ ಸರ್ಟಿಫಿಕೇಟ್ ಇಲ್ಲದ ಮಾವಿನಹಣ್ಣು ನಡೆಯುವುದಿಲ್ಲ. ಮೇ ತಿಂಗಳು ಅಂತ ರತ್ನಾಗಿರಿ ಆಪೂಸ್ ಪೆಟ್ಟಿಗೆ ಕಟ್ಟಿಸಬೇಡಿ.

ಉಡುಗೊರೆಯ ಮಾತಿಗೆ ಬಂದರೆ, ಜಪಾನಿನ ಮನೆಗೆ ಒಂದೊಂದೇ ಸುತ್ತಿದ ತಿಂಡಿ ಒಳ್ಳೆಯದು, ಉಳಿದದ್ದನ್ನು ಅವರು ನೆರೆಯವರಿಗೆ ಹಂಚುತ್ತಾರೆ. ಹುರಿದ ಗೋವಾ ಗೋಡಂಬಿ 250 ಗ್ರಾಂ ಸಾಕು, ಆದರೆ ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದೆಯೇ ಅಂತ ಮೊದಲೇ ಕೇಳಬೇಕು. ಲೋಣಾವಳಾ ಚಿಕ್ಕಿ ಬೇಡ. ಶೇಂಗಾ ಅಲರ್ಜಿ ಒಂದು, ಮೇ ಸೆಕೆಗೆ ಬೆಲ್ಲ ಬೆವತು ಚಪ್ಪಡಿಯಾಗುವುದು ಇನ್ನೊಂದು. ನಾಲ್ಕರ ಸೆಟ್ ಬೇಡವೇ ಬೇಡ, ಅಲ್ಲಿ ನಾಲ್ಕಕ್ಕೂ ‘ಶಿ’, ಸಾವಿಗೂ ‘ಶಿ’. ಮೈಸೂರು ಸ್ಯಾಂಡಲ್‌ನ 3 ಸೋಪಿನ ಡಬ್ಬಿ ಸರಿಹೋಗುತ್ತದೆ, ಆದರೆ ತಿಂಡಿಯ ಜೊತೆ ಕಟ್ಟಬೇಡಿ, ಗೋಡಂಬಿಯೂ ಗಂಧ ಹೊಡೆಯುತ್ತದೆ. ಚನ್ನಪಟ್ಟಣದ ಬೊಂಬೆಗೆ ಈ ತಕರಾರು ಯಾವುದೂ ಇಲ್ಲ. ಒಟ್ಟು 600ರಿಂದ 1,200 ರೂಪಾಯಿ. ಅದಕ್ಕಿಂತ ಮೇಲೆ ಕೊಟ್ಟರೆ ‘ಒಕಾಯೆಶಿ’ ಅಂತ ಅವರು ತಿರುಗಿ ಕೊಡಬೇಕು, ಸುಮ್ಮನೆ ಹೊರೆ.

ಪಿಂಪ್ರಿ ಪಾಟೀಲ
ಜರ್ಮನ್ ಅಜ್ಜಿ ಎರಡನೇ ಪೇಢೆ ಕೇಳಿ ತಿಂದಾಳ. ನಿಮ್ಮ ಗೋಡಂಬಿ ಯಾರರೆ ಎರಡನೇ ಸಲ ಕೇಳ್ಯಾರೇನು?

ವಾಸ್ಕೋ ಗೋಡಂಬಿ
ಅಜ್ಜಿ ಕೇಳಿದಳು ಅಂದರೆ ಕಾನೂನು ಬದಲಾಗುವುದಿಲ್ಲ. ಚೀಲ ತೆಗೆಸಿದ್ದರೆ ಡಬ್ಬಿ ಕಸಕ್ಕೆ, ಮೇಲೆ ದಂಡ ಹಾಕಿದರೂ ಕೇಳುವ ಹಾಗಿಲ್ಲ. 16 ವರ್ಷದ ಹುಡುಗನ ಕೈಯಲ್ಲಿ ಅದನ್ನು ಕಳಿಸುವುದು ನಿಮಗೆ ಸರಿ ಕಂಡರೆ ಕಳಿಸಿ.

ಡೊಂಬಿವಲಿ ಭಟ್ಟ
ಪೇಢೆ ಆಚೆಗಿಡಿ ಮಾರಾಯ್ರೆ, ಅಸಲು ವಿಷಯ ದಾಶಿ ಅನ್ನುವ ರಸ. ‘ಮಾಂಸ ತಿನ್ನುವುದಿಲ್ಲ’ ಅಂದರೆ ಜಪಾನಿನಲ್ಲಿ ‘ನಿಕು’ (ಮಾಂಸ) ಬೇಡ ಅಂತ ಮಾತ್ರ ತಿಳಿಯುತ್ತಾರೆ, ಮೀನು ಅದರೊಳಗೆ ಬರುವುದಿಲ್ಲ. ಮೀನೂ ಬೇಡ ಅಂದರೆ ತಟ್ಟೆಯಲ್ಲಿ ಕಾಣುವ ಮೀನು ತೆಗೆಯುತ್ತಾರೆ, ರಸ ಉಳಿಯುತ್ತದೆ. ಕತ್ಸುವೊಬುಶಿ ಅಂದರೆ ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯ ಹಾಗೆ ಒಣಗಿಸಿ ಹೆರೆದದ್ದು. ಅದನ್ನು ಬಿಸಿನೀರಿಗೆ ಹಾಕಿ ಸೋಸಿದರೆ ದಾಶಿ. ನಮ್ಮಲ್ಲಿ ಒಗ್ಗರಣೆ ಹೇಗೋ ಅಲ್ಲಿ ಅದು ಹಾಗೆ, ಯಾರೂ ಕೇಳಿ ಹಾಕುವುದಿಲ್ಲ. ಮಿಸೊ ಸಾರಿನಲ್ಲಿ ಉಂಟು, ಉದೊನ್ ನೂಡಲ್ಸಿನ ತಿಳಿಯಲ್ಲಿ ಉಂಟು, ತರಕಾರಿ ತೆಂಪುರ ಅದ್ದುವ ಬಟ್ಟಲಿನಲ್ಲಿ ಉಂಟು (ಅದರ ಹಿಟ್ಟಿನಲ್ಲಿ ಮೊಟ್ಟೆ ಬೇರೆ). ತಣ್ಣಗಿನ ತೋಫು ಸೇಫು ಅಂತ ನೋಡಿದರೆ ಅದರ ಮೇಲೆ ಉದುರಿಸಿದ ತೆಳು ಚೂರು ಅದೇ ಮೀನು.

ಇನ್ನೊಂದು ಗುಂಡಿ ‘ಕರಿ’, ಅಂದರೆ ಮಸಾಲೆ ಸಾರು. ಭಾರತದ ಮಕ್ಕಳು ಬರುತ್ತಾರೆ ಅಂತ ಪಾಪ, ಪ್ರೀತಿಯಿಂದ ಕರಿ ಮಾಡಿಡುತ್ತಾರೆ. ಚಾಕೊಲೇಟ್ ಬಾರಿನ ಹಾಗೆ ಮುರಿದು ಹಾಕುವ ಆ ಮಸಾಲೆ ಗಟ್ಟಿಯಲ್ಲಿ ಹೆಚ್ಚಿನವಕ್ಕೆ ದನದ್ದೋ ಹಂದಿಯದೋ ಕೊಬ್ಬು ಸೇರಿಸಿರುತ್ತದೆ. ತರಕಾರಿ ಮಾತ್ರ ಹಾಕಿದ್ದೇನೆ ಅಂತ ಅವರು ಹೇಳುವುದು ಸುಳ್ಳೂ ಅಲ್ಲ. ಪುಡ್ಡಿಂಗ್, ಜೆಲ್ಲಿಯಲ್ಲಿ ಜೆಲಟಿನ್, ಅದೂ ಪ್ರಾಣಿಯದ್ದೇ. ಪ್ಯಾಕೆಟ್ಟಿನ ಹಿಂದಿನ ಅಲರ್ಜಿ ಚೌಕ ನೋಡಿ ನಂಬುವುದೂ ತಪ್ಪು. ಮೊಟ್ಟೆ, ಹಾಲು, ಗೋಧಿ, ಶೇಂಗಾ ಅಲ್ಲಿ ಕಡ್ಡಾಯವಾಗಿ ಬರೆಯಬೇಕು, ದಾಶಿಯ ಮೀನು ಆ ಕಡ್ಡಾಯ ಪಟ್ಟಿಯಲ್ಲಿಲ್ಲ. ಪೂರ್ತಿ ಸಾಮಗ್ರಿ ಪಟ್ಟಿಯನ್ನೇ ಓದಬೇಕು.

ಹಾಗಾಗಿ ಫಾರ್ಮಿನಲ್ಲಿ ‘ಸಸ್ಯಾಹಾರಿ’ ಅಂತ ಒಂದೇ ಪದ ಬರೆದು ಬಿಡಬೇಡಿ. ನಿಕು, ಸಕಾನಾ (ಮೀನು), ತಮಾಗೊ (ಮೊಟ್ಟೆ), ಕತ್ಸುವೊ ದಾಶಿ: ಈ ನಾಲ್ಕು ಬೇಡ. ಕೊಂಬು ದಾಶಿ (ಸಮುದ್ರದ ಪಾಚಿಯದ್ದು), ಹಾಲು, ಮೊಸರು, ತೋಫು: ಇವು ಆದೀತು. ಬೇಡದ ಪಟ್ಟಿಗಿಂತ ಆಗುವ ಪಟ್ಟಿ ಉದ್ದ ಇರಬೇಕು, ಇಲ್ಲದಿದ್ದರೆ ಮನೆಯಾಕೆ ಹೆದರಿ ಬರೀ ಸಲಾಡ್ ಇಡುತ್ತಾರೆ, ಅದಕ್ಕೂ ಮೊಟ್ಟೆಯ ಮಯೊನೀಸ್ ಸುರಿದು. ತೆಮಾಕಿಝುಶಿ ಮಾಡಬಹುದೇ ಅಂತ ಬರೆಯಿರಿ: ನೋರಿ (ಒಣಗಿಸಿದ ಪಾಚಿ) ಹಾಳೆಗೆ ಅನ್ನ ಹರಡಿ ಅವರವರೇ ಸುತ್ತಿಕೊಳ್ಳುವುದು. ಮನೆಯವರು ಮೀನು ಇಟ್ಟುಕೊಳ್ಳಲಿ, ಇವಳು ಸೌತೆಕಾಯಿ, ಆವಕಾಡೊ ಇಟ್ಟುಕೊಳ್ಳಲಿ. ಅನ್ನಕ್ಕೆ ಬೆರೆಸುವ ವಿನೆಗರ್ ಬಾಟಲಿಯ ಲೇಬಲ್ ಮಾತ್ರ ನೋಡಿಕೊಳ್ಳಬೇಕು. ಚೀಲದಲ್ಲಿ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಎರಡು ಕಪ್ ಇರಲಿ.

ಮಾಟುಂಗಾ ಮಾವ
ಇಷ್ಟು ಪಟ್ಟಿ ಓದಿದ ಮೇಲೆ ಆ ಮನೆಯವರು ಬಾಗಿಲು ತೆಗೆಯುತ್ತಾರೆಯೇ ಭಟ್ರೇ? ಒಂದು ದಿನ ಒಂದು ಚಮಚ ಸಾರು ಒಳಗೆ ಹೋದರೆ ಯಾವ ಕುಲ ಮುಳುಗುತ್ತದೆ? ಊಟಕ್ಕಿಂತ ಹೋಗಿ ಬರುವ ದಾರಿ ನೋಡಿ. ಇಂಗ್ಲೆಂಡಿನಲ್ಲಿ ಓದುವ ನಮ್ಮ ಮಕ್ಕಳನ್ನು ಕ್ರಿಸ್‌ಮಸ್ ದಿನ ಊಟಕ್ಕೆ ಕರೆಯುವ ಮನೆಗಳಿವೆ. ಡಿಸೆಂಬರ್ 25ಕ್ಕೆ ಅಲ್ಲಿ ರೈಲು ಓಡುವುದಿಲ್ಲ, ಬಸ್ಸೂ ಹೆಚ್ಚುಕಡಿಮೆ ಇಲ್ಲ, ಟ್ಯಾಕ್ಸಿ ಸಿಕ್ಕರೆ ರಜೆಯ ದರ. ಯಾರು ಬಂದು ಕರೆದೊಯ್ಯುತ್ತಾರೆ, ಎಷ್ಟು ಗಂಟೆಗೆ ವಾಪಸ್ ಬಿಡುತ್ತಾರೆ, ಎರಡನ್ನೂ ಲಿಖಿತವಾಗಿ ತರಿಸಬೇಕು. ವಾಪಸ್ಸಿನದು ಕೇಳಲು ಎಲ್ಲರೂ ಮರೆಯುತ್ತಾರೆ, ಊಟದ ಹೊತ್ತಿಗೆ ಮನೆಯವರು ವೈನ್ ಕುಡಿದಿರುತ್ತಾರೆ, ಆಮೇಲೆ ಕಾರು ತೆಗೆಯುವವರಿಲ್ಲ.

ಡೊಂಬಿವಲಿ ಭಟ್ಟ
ಕುಲದ ಮಾತು ತೆಗೆದದ್ದು ನೀವು, ನಾನಲ್ಲ. ನಿಮ್ಮ ಇಂಗ್ಲೆಂಡಿನಲ್ಲೂ ಹುರಿದ ಆಲೂಗಡ್ಡೆಗೆ ಬಾತುಕೋಳಿ ಜಾತಿಯ ಹಕ್ಕಿಯ ಕೊಬ್ಬು ಹಾಕುವ ಮನೆಗಳುಂಟು, ಕ್ರಿಸ್‌ಮಸ್ ಪುಡ್ಡಿಂಗಿಗೆ ಹಳೆಯ ಕ್ರಮದಲ್ಲಿ ಸ್ಯೂಯೆಟ್, ಅಂದರೆ ದನದ ಕೊಬ್ಬು. ಸಸ್ಯಾಹಾರಿ ಸ್ಯೂಯೆಟ್ ಅಂಗಡಿಯಲ್ಲೇ ಸಿಗುತ್ತದೆ, ಒಂದು ವಾರ ಮೊದಲು ಹೇಳಿದರೆ ತರುತ್ತಾರೆ. ಹೇಳದಿದ್ದರೆ ತಿಂದಾದ ಮೇಲೆ ಗೊತ್ತಾಗುತ್ತದೆ.

ಮಾಟುಂಗಾ ಮಾವ
ಗೊತ್ತಾಗದಿದ್ದರೆ ಇನ್ನೂ ಒಳ್ಳೆಯದು.

ಔಂಧ್ ಟೀಚರ್
ಮಾವ, ಆ ಮಾತು ಸರಿಯಲ್ಲ. ಮಗು ತಟ್ಟೆಯಲ್ಲಿ ಬಿಟ್ಟರೆ ಬೇಸರವಾಗುವುದು ಅಡುಗೆ ಮಾಡಿದವರಿಗೆ, ಅವರು ಎರಡು ದಿನದಿಂದ ತಯಾರಿ ಮಾಡಿರುತ್ತಾರೆ. ಒಂದು ತಿಂಗಳು ಮೊದಲೇ ಹೋಗುವ ಪರಿಚಯ ಪತ್ರದಲ್ಲಿ ಭಟ್ಟರ ಪಟ್ಟಿ ಇರಲೇಬೇಕು. ಇಬ್ಬರು ಮಕ್ಕಳ ಊಟ ಬೇರೆಬೇರೆ ಇದ್ದರೆ ಜೋಡಿ ಬದಲಿಸಲು ಈಗಲೇ ಹೇಳಿ. ಒಬ್ಬಳು ಮೀನು ತಿಂದು ಇನ್ನೊಬ್ಬಳು ತಿನ್ನದಿದ್ದರೆ ಮನೆಯವರು ತಿನ್ನದವಳದು ನಾಚಿಕೆ ಅಂದುಕೊಂಡು ಮತ್ತೆ ಮತ್ತೆ ಬಡಿಸುತ್ತಾರೆ.

ಬಾಗಿಲಲ್ಲಿ ಆಗುವ ಎಡವಟ್ಟು ಹೆಚ್ಚು. ಒಳಗೆ ಕಾಲಿಟ್ಟ ತಗ್ಗಿನ ಜಾಗ ಗೆಂಕಾನ್. ‘ಒಜಾಮಾ ಶಿಮಾಸು’ ಎಂದು ಹೇಳಿ ಅಲ್ಲಿ ಶೂ ಬಿಚ್ಚಬೇಕು. ಬಿಚ್ಚಿದ ಪಾದ ತಗ್ಗಿನ ನೆಲಕ್ಕೆ ತಾಗದೆ ನೇರ ಮೇಲಿನ ಹಲಗೆಗೆ ಹೋಗಬೇಕು, ಕೆಳಗಿನದು ಬೀದಿಯ ಲೆಕ್ಕ. ಆಮೇಲೆ ಸ್ವಲ್ಪ ಓರೆಯಾಗಿ ಬಗ್ಗಿ, ಮನೆಯವರಿಗೆ ಪೂರ್ತಿ ಬೆನ್ನು ತೋರಿಸದೆ, ಶೂ ತುದಿ ಬಾಗಿಲ ಕಡೆ ತಿರುಗಿಸಿ ಬದಿಗಿಡುವುದು. ಲೇಸು ಇರುವ ಉದ್ದ ಶೂ ಹಾಕಿ ಕಳಿಸಿದರೆ ಹತ್ತು ಜನ ನಿಂತು ನೋಡುವಾಗ ಮಗು ಐದು ನಿಮಿಷ ಒದ್ದಾಡುತ್ತದೆ. ತೂತಿಲ್ಲದ ಸಾಕ್ಸ್ ಇರಲಿ, ಬರಿಗಾಲು ಬೇಡ. ತಾತಾಮಿ ಚಾಪೆಯ ಕೋಣೆಯಲ್ಲಿ ಸ್ಲಿಪ್ಪರೂ ಬಿಚ್ಚಬೇಕು. ಶೌಚಾಲಯಕ್ಕೆ ಬೇರೆ ಸ್ಲಿಪ್ಪರ್, ಅದನ್ನೇ ಹಾಕಿಕೊಂಡು ನಡುಮನೆಗೆ ಬರುವ ಮಕ್ಕಳು ಪ್ರತಿ ತಂಡದಲ್ಲೂ ಇಬ್ಬರಾದರೂ ಇರುತ್ತಾರೆ. ಉಡುಗೊರೆಯನ್ನು ಗೆಂಕಾನ್‌ನಲ್ಲೇ ತುರುಕಬಾರದು. ಒಳಗೆ ಕೂತ ಮೇಲೆ ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಕೊಡಬೇಕು.

ಫೋನಿನ ವಿಷಯ: ಅಲ್ಲಿ ಎಲ್ಲರೂ ಲೈನ್ ಎಂಬ ಮೆಸೇಜ್ ಆ್ಯಪ್ ಬಳಸುತ್ತಾರೆ. ನೋಂದಣಿಗೆ ಎಸ್‌ಎಂಎಸ್ ಬರಬೇಕು, ಆದ್ದರಿಂದ ಪುಣೆಯಲ್ಲೇ ಮುಗಿಸಿ. ಅಲ್ಲಿ ಕ್ಯೂಆರ್ ಕೋಡ್ ತೋರಿಸಿ ಸೇರಿಸಿಕೊಳ್ಳಬಹುದು. ಪ್ಲಗ್ ಎರಡು ಚಪ್ಪಟೆ ಪಿನ್ನಿನದು, 100 ವೋಲ್ಟ್. ಚಾರ್ಜರ್ ನಡೆಯುತ್ತದೆ, ಇಲ್ಲಿನ ಹೇರ್ ಡ್ರೈಯರ್ ನಡೆಯುವುದಿಲ್ಲ. ನೆಗಡಿ ಮಾತ್ರೆಯಲ್ಲಿ ಸ್ಯೂಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿದ್ದರೆ ದೇಶದೊಳಗೇ ಬಿಡುವುದಿಲ್ಲ, ಅಜ್ಜಿ ಕಟ್ಟಿಕೊಟ್ಟ ಔಷಧಿ ಡಬ್ಬಿ ಒಮ್ಮೆ ಬಿಚ್ಚಿ ನೋಡಿ. ಫೋಟೊ ಹಾಕುವ ಮೊದಲು ಕೇಳಬೇಕು, ಬಾಗಿಲ ಪಕ್ಕದ ಹೆಸರಿನ ಫಲಕ ಫೋಟೊದಲ್ಲಿ ಬರಬಾರದು.

ಕೊತ್ರೂಡ್ ಅಮ್ಮ
ಟೀಚರ್, ತುಂಬಾ ಉಪಕಾರ. ದುಡ್ಡು ಎಷ್ಟು ಅಂತ ಯಾರೂ ಹೇಳಲೇ ಇಲ್ಲ.

ಔಂಧ್ ಟೀಚರ್
ಆ ಒಂದು ದಿನಕ್ಕೆ 5,000 ಯೆನ್ ಧಾರಾಳ. ಯೆನ್‌ಗೆ 60 ಪೈಸೆ ಹಿಡಿದರೆ 3,000 ರೂಪಾಯಿ. ಎಲ್ಲ 1,000ದ ನೋಟು, ಸ್ವಲ್ಪ 100ರ ನಾಣ್ಯ. ಮ್ಯೂಸಿಯಂ, ತೋಟಕ್ಕೆ ಕರೆದೊಯ್ದರೆ ತನ್ನ ಟಿಕೆಟಿಗೆ ಕೈ ಹಾಕಲಿ, ಬೇಡ ಅಂದರೆ ಎರಡನೇ ಸಲ ಒತ್ತಾಯ ಬೇಡ. ಮನೆಯವರಿಗೆ ದುಡ್ಡಿನ ಲಕೋಟೆ ಕೊಡಬೇಡಿ, ಅವರು ಸ್ವಯಂಸೇವಕರು. ರೈಲಿಗೆ ಇಕೋಕಾ ಕಾರ್ಡ್ 2,000 ಯೆನ್, ಅದರಲ್ಲಿ 500 ಠೇವಣಿ.

ವಾಸ್ಕೋ ಗೋಡಂಬಿ
ಪೇಢೆಗಿಂತ ಪುಣೆಯ ಬಾಕರವಡಿಯೇ ಲೇಸು ಅಂತ ಸೇರಿಸಿಬಿಡಿ, ಹಾಲಿಲ್ಲ.

ಪಿಂಪ್ರಿ ಪಾಟೀಲ
ಬಾಕರವಡಿ ವಿಮಾನ ಇಳಿಯೋದ್ರಾಗ ಪುಡಿ ಆಗಿರ್ತೈತಿ, ಚಮಚಾ ಕೊಟ್ಟು ಕಳಿಸ್ರಿ. ಅಕ್ಕಾರ, ಬಿಲ್ ಯಾರ ಹೆಸರಿಗೆ ಅಂತ ಕೇಳಿದ್ರೇನು? ಮತ್ತ ಇಲ್ಲಿ ಯಾರಿಗರೆ ಪ್ಯಾನ್ ಇಲ್ಲದ ಟಿಸಿಎಸ್ ಹೊಳ್ಳಿ ಬಂದಿದ್ರ ಯಾವ ಫಾರ್ಮ್ ತುಂಬಿದ್ರಿ ಹೇಳ್ರಿ, 25,200 ಅದ.