ಮಳೆಗಾಲದಲ್ಲೂ ಸೈಕಲ್‌ನಲ್ಲೇ ಆಫೀಸಿಗೆ ಹೋಗುವವರು ಯಾರಾದರೂ ಇದ್ದೀರಾ?

ದಾವಣಗೆರೆ ಪೆಡಲ್

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಿದ್ದೇನೆ. ರೂಮು ಜಯನಗರ 4ನೇ ಬ್ಲಾಕ್‌ನಲ್ಲಿ, ಆಫೀಸು ವಸಂತನಗರದಲ್ಲಿ, ಕಂಟೋನ್ಮೆಂಟ್ ಸ್ಟೇಷನ್ ಹತ್ತಿರ. ಸಂಕ್ರಾಂತಿ ಆದಮೇಲೆ ಸೈಕಲ್‌ನಲ್ಲಿ ಓಡಾಡಲು ಶುರು ಮಾಡಿದೆ. ಗೇರ್ ಇರುವ ಸಾಧಾರಣ ಸೈಕಲ್, ಮಡ್‌ಗಾರ್ಡ್ ಇಲ್ಲ. ಬೆಳಿಗ್ಗೆ ಆಫೀಸಿಗೆ ಹೋಗುವುದೇ ಒಂದು ಖುಷಿ ಆಗಿಬಿಟ್ಟಿದೆ.

ಈಗ ಮೇ. ಕಳೆದ ವಾರ ಸಂಜೆ ಹೊತ್ತು ಗುಡುಗು, ಆಲಿಕಲ್ಲು, ರಸ್ತೆ ತುಂಬ ನೀರು. ಆಫೀಸಿನಲ್ಲಿ ಎಲ್ಲರೂ "ಜೂನ್‌ಗೆ ನಿಲ್ಲಿಸಿಬಿಡು, ದಸರಾಕ್ಕೆ ಮತ್ತೆ ತೆಗಿ" ಅನ್ನುತ್ತಾರೆ. ನನಗೆ ನಿಲ್ಲಿಸಲು ಮನಸ್ಸಿಲ್ಲ. ವರ್ಷಪೂರ್ತಿ ತುಳಿಯುವವರು ನಿಜವಾಗಲೂ ಇದ್ದೀರಾ? ಹೇಗೆ ನಿಭಾಯಿಸುತ್ತೀರಿ?

ಬೆಳಗಿನ ಪಾಳಿ

ಇದ್ದೇನೆ. ನಾನು ಲ್ಯಾಬ್ ಟೆಕ್ನಿಷಿಯನ್. ಮನೆ ತ್ಯಾಗರಾಜನಗರ, ಕೆಲಸ ಕ್ವೀನ್ಸ್ ರೋಡ್ ಕಡೆಯ ಒಂದು ಆಸ್ಪತ್ರೆಯಲ್ಲಿ. ಹೆಚ್ಚುಕಮ್ಮಿ ನಿಮ್ಮದೇ ದಾರಿ. ಶಿಫ್ಟ್ ಕೆಲಸ ಆದ್ದರಿಂದ ಬೆಳಿಗ್ಗೆ ಆರಕ್ಕೂ ಹೊರಡುತ್ತೇನೆ, ರಾತ್ರಿ ಒಂಬತ್ತಕ್ಕೂ ವಾಪಸ್ ಬರುತ್ತೇನೆ. ಹಸಿರು ಲೈನ್ ಮೆಟ್ರೋ ಈ ಕಡೆ ಓಡಲು ಶುರುವಾಗಿದ್ದು 2017ರಲ್ಲಿ. ಅದಕ್ಕೂ ಮೊದಲಿನಿಂದ ಸೈಕಲ್ಲೇ ನನ್ನ ಗಾಡಿ.

ಮೊದಲು ಆ "ಜೂನ್‌ಗೆ ನಿಲ್ಲಿಸು, ದಸರಾಕ್ಕೆ ತೆಗಿ" ಅನ್ನುವ ಮಾತು ಬಿಡಿ. ಅದು ಕರಾವಳಿಗೆ, ಮಲೆನಾಡಿಗೆ ಸರಿ. ಬೆಂಗಳೂರಿನ ಲೆಕ್ಕವೇ ಬೇರೆ. ಇಲ್ಲಿ ಜೂನ್, ಜುಲೈಯಲ್ಲಿ ಜಾಸ್ತಿ ಬರುವುದು ಜಿಟಿಜಿಟಿ ಮಳೆ. ನಿಜವಾದ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸೆಪ್ಟೆಂಬರ್ ಒಂದರಲ್ಲೇ ಸುಮಾರು 200 ಮಿ.ಮೀ. ಬೀಳುತ್ತದೆ, ಜೂನ್‌ನಲ್ಲಿ ಅದರ ಅರ್ಧದಷ್ಟು. ಅವರ ಮಾತು ಕೇಳಿದರೆ ತಂಪಾದ ಒಳ್ಳೆಯ ತಿಂಗಳುಗಳಲ್ಲಿ ಮನೆಯಲ್ಲಿ ಕೂತು, ಮಳೆ ಸುರಿಯುವ ಹೊತ್ತಿಗೆ ಸರಿಯಾಗಿ ರಸ್ತೆಗೆ ಇಳಿಯುತ್ತೀರಿ.

ಇನ್ನೊಂದು ವಿಷಯ. ನಮ್ಮ ಊರಿನ ಜೋರು ಮಳೆ ಬಹುಪಾಲು ಮಧ್ಯಾಹ್ನದ ಮೇಲೆಯೇ. ಬಿಸಿಲು ಕಾದು, ಮೋಡ ಕಟ್ಟಿ, ನಾಲ್ಕು ಗಂಟೆ ಮೇಲೆ ಗುಡುಗು. ಬೆಳಿಗ್ಗೆ ಹೋಗುವಾಗ ನೆನೆಯುವುದು ಅಪರೂಪ. ಯೋಚನೆ ಮಾಡಬೇಕಾದ್ದು ಸಂಜೆ ವಾಪಸ್ ಬರುವುದರ ಬಗ್ಗೆ.

ಅದಕ್ಕೆ ನಿಮ್ಮ ದಾರಿಯ ಏರು ತಗ್ಗು ಚೆನ್ನಾಗಿ ತಿಳಿದಿರಬೇಕು. ಕಾರಿನಲ್ಲಿ ಕೂತವರಿಗೆ ಬೆಂಗಳೂರು ಸಮತಟ್ಟು ಅನ್ನಿಸುತ್ತದೆ, ನಮ್ಮ ಕಾಲಿಗೆ ಹಾಗಲ್ಲ. ಲಾಲ್‌ಬಾಗ್ ಗೇಟಿನಿಂದ ಡಬಲ್ ರೋಡಿನಲ್ಲಿ ಹೋದರೆ ಶಾಂತಿನಗರ ಬಸ್ ಸ್ಟ್ಯಾಂಡಿನ ತನಕ ಇಳಿಯುತ್ತೀರಿ, ಆಮೇಲೆ ರಿಚ್‌ಮಂಡ್ ಸರ್ಕಲ್‌ಗೆ ಏರುತ್ತೀರಿ ಅಲ್ವಾ? ಆ ತಗ್ಗಿನಲ್ಲಿ ಹರಿಯುವುದು ರಾಜಕಾಲುವೆ. ಮೆಜೆಸ್ಟಿಕ್ ಕಡೆ ಶುರುವಾಗಿ ಶಾಂತಿನಗರದ ಮೇಲೆ ಹಾದು ಬೆಳ್ಳಂದೂರು ಕೆರೆಗೆ ಸೇರುತ್ತದೆ. ನೀವು ಮನೆ ಸೇರಬೇಕಾದರೆ ಅದನ್ನು ದಾಟಲೇಬೇಕು.

ಆದ್ದರಿಂದ ಜೋರು ಮಳೆ ನಿಂತ ತಕ್ಷಣ ಹೊರಡಬೇಡಿ. ಮೇಲಿನ ಬಡಾವಣೆಗಳ ನೀರೆಲ್ಲ ತಗ್ಗಿಗೆ ಬಂದು ತುಂಬುವುದು ಮಳೆ ನಿಂತ ಮೇಲೆಯೇ. ಮುಕ್ಕಾಲು ಗಂಟೆ ಕಾಯಿರಿ, ಕಾಫಿ ಕುಡಿಯಿರಿ. ನೀರು ಇಳಿದಿರುತ್ತದೆ, ಅವಸರದ ವಾಹನಗಳೂ ಕಡಿಮೆ ಆಗಿರುತ್ತವೆ. ಗಾಲಿಯ ನಡುವಿನ ಹಬ್ ಮುಟ್ಟುವಷ್ಟು ನೀರಿದ್ದರೆ ನಾನು ಇಳಿಯುವುದಿಲ್ಲ. ನೀರಿನ ಕೆಳಗೆ ಗುಂಡಿ ಇದೆಯೋ, ಮುಚ್ಚಳ ಹಾರಿಹೋದ ಮ್ಯಾನ್‌ಹೋಲ್ ಇದೆಯೋ ಗೊತ್ತಾಗುವುದಿಲ್ಲ. ಅಂಡರ್‌ಪಾಸ್ ಅಂತೂ ಬೇಡವೇ ಬೇಡ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡರು. ನಾವು ದಿನಾ ಓಡಾಡುವ ಜಾಗದ ಪಕ್ಕದಲ್ಲೇ ಅದು. ಇವತ್ತಿಗೂ ಆ ಕಡೆ ಹೋದಾಗ ನೆನಪಾಗಿ ಸಂಕಟ ಆಗುತ್ತದೆ.

ಲ್ಯಾಬಿನಲ್ಲಿ ಕೂತು ನೋಡಿದ್ದರಿಂದ ಇದನ್ನೂ ಹೇಳುತ್ತೇನೆ. ಕಾಲಲ್ಲಿ ಗಾಯ, ಬಿರುಕು ಇದ್ದರೆ ನಿಂತ ನೀರು ತುಳಿಯಬೇಡಿ. ಇಲಿ ಜ್ವರ ಬರುವುದು ಹಾಗೆಯೇ. ಇಲಿಯ ಮೂತ್ರ ಸೇರಿದ ನೀರು ಗಾಯದ ಮೂಲಕ ಒಳಗೆ ಹೋದರೆ ಸಾಕು. ಮನೆಗೆ ಬಂದ ತಕ್ಷಣ ಮೊಣಕಾಲ ತನಕ ಸೋಪು ಹಾಕಿ ತೊಳೆಯಿರಿ. ಮಳೆಯಾದ ಕೆಲವು ದಿನಕ್ಕೆ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಡಾಕ್ಟರ ಹತ್ತಿರ ಹೋಗಿ. ಕೊಳೆ ನೀರಿನಲ್ಲಿ ಓಡಾಡಿದ್ದೆ ಅಂತ ಬಾಯಿಬಿಟ್ಟು ಹೇಳಿ, ಆಗ ಅವರು ಸರಿಯಾದ ಟೆಸ್ಟ್ ಬರೆಯುತ್ತಾರೆ.

ಮಳೆಗಿಂತ ನನ್ನನ್ನು ಜಾಸ್ತಿ ಸುಸ್ತು ಮಾಡುವುದು ಜೂನ್, ಜುಲೈಯ ಗಾಳಿ. ಪಶ್ಚಿಮದಿಂದ ಬೀಸುತ್ತದೆ, ಸಂಜೆ ವಾಪಸ್ ಬರುವಾಗ ಓರೆಯಾಗಿ ಮುಖಕ್ಕೆ ಹೊಡೆಯುತ್ತದೆ. ಆ ಎರಡು ತಿಂಗಳು ಒಂದು ಗೇರ್ ಇಳಿಸಿ ನಿಧಾನಕ್ಕೆ ತುಳಿಯಿರಿ, ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಚಳಿಗಾಲದಲ್ಲಿ ಕತ್ತಲು ಒಂದೇ ಸಮಸ್ಯೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲರ ಹತ್ತಿರ.

ಕುಡ್ಲ ಸವಾರಿ

ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವ ಮಳೆ ಬೆಂಗಳೂರಿನ ಇಡೀ ವರ್ಷದ ಮಳೆಗೆ ಸಮ. ಆದರೂ ನಾನು ಕದ್ರಿಯಿಂದ ಹಂಪನಕಟ್ಟೆಗೆ ಸೈಕಲ್‌ನಲ್ಲೇ ಹೋಗುತ್ತೇನೆ ಮಾರಾಯ್ರೆ.

ನನ್ನ ಅನುಭವದಲ್ಲಿ ನೆನೆಯದೆ ಇರಲು ಹೋರಾಡುವುದೇ ದಂಡ. ರೈನ್‌ಕೋಟ್ ಹಾಕಿ ತುಳಿದರೆ ಒಳಗಿನ ಬೆವರಿಗೇ ಒದ್ದೆ ಆಗುತ್ತದೆ. ಬೇಗ ಒಣಗುವ ಬಟ್ಟೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್, ಆಫೀಸಿನಲ್ಲಿ ಒಂದು ಟವೆಲ್. ಒಣ ಬಟ್ಟೆಗೆ ಪ್ಲಾಸ್ಟಿಕ್ ಕವರ್ ಒಂದಲ್ಲ, ಎರಡು. ಸಿಡಿಲು ಇದ್ದರೆ ಮಾತ್ರ ನಿಲ್ಲಬೇಕು. ಮರದಡಿ ಅಲ್ಲ, ಅಂಗಡಿಯ ಒಳಗೆ.

ಶಿವಮೊಗ್ಗ ಸ್ಪೋಕ್

ನನ್ನದು ಸೈಕಲ್ ರಿಪೇರಿ ಅಂಗಡಿ. ಮಡ್‌ಗಾರ್ಡ್ ಇಲ್ಲ ಅಂದಿರಿ, ಮೊದಲು ಹಾಕಿಸಿ. ಸೀಟಿನ ಹಿಂದೆ ಸಿಕ್ಕಿಸುವ ಚಿಕ್ಕದಲ್ಲ, ಗಾಲಿಯನ್ನು ಪೂರ್ತಿ ಸುತ್ತುವ ಉದ್ದನೆಯದು. ಮುಂದಿನ ಮಡ್‌ಗಾರ್ಡ್‌ನ ಕೆಳತುದಿಗೆ ಹಳೆ ರಬ್ಬರ್ ತುಂಡು ಕತ್ತರಿಸಿ ಬೋಲ್ಟ್ ಹಾಕಿ. ನೆಲಕ್ಕೆ ಮೂರು ಬೆರಳು ಅಂತರ ಇರಲಿ. ಪಾದಕ್ಕೆ, ಚೈನಿಗೆ ಹಾರುವ ಕೆಸರು ಬಹುತೇಕ ಅಲ್ಲೇ ನಿಲ್ಲುತ್ತದೆ.

ನೆನೆದು ಬಂದ ದಿನ ರಾತ್ರಿ ಚೈನನ್ನು ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಿಟ್ಟು, ಪೆಡಲ್ ತಿರುಗಿಸಿ, ಹೊರಗಿನ ಎಣ್ಣೆಯನ್ನು ಮತ್ತೆ ಒರೆಸಿ. ಹೊರಗೆ ಉಳಿದ ಎಣ್ಣೆಗೆ ಮರಳು ಅಂಟಿಕೊಂಡು ಚೈನು, ಫ್ರೀವೀಲು ಎರಡೂ ಸವೆಯುತ್ತವೆ. ರಿಮ್ ಬ್ರೇಕ್ ಆಗಿದ್ದರೆ ರಿಮ್ಮನ್ನೂ ಒರೆಸಿ, ಬ್ರೇಕ್ ರಬ್ಬರಿನಲ್ಲಿ ಸಿಕ್ಕಿದ ಕಲ್ಲುಚೂರು ಪಿನ್ನಿನಿಂದ ತೆಗೆಯಿರಿ. ಒದ್ದೆ ರಿಮ್ ಮೊದಲ ಒಂದೆರಡು ಸುತ್ತು ಹಿಡಿಯುವುದಿಲ್ಲ. ಸಿಗ್ನಲ್ ಕಾಣುವಾಗಲೇ ಮೆಲ್ಲಗೆ ಬ್ರೇಕ್ ಒತ್ತಿ ನೀರು ಕೆರೆದುಹೋಗಲಿ. ವಾಟರ್ ಸರ್ವಿಸ್‌ನವರ ಜೋರು ಪೈಪಿನಲ್ಲಿ ಮಾತ್ರ ತೊಳೆಸಬೇಡಿ. ಹಬ್ ಒಳಗೆ ನೀರು ನುಗ್ಗಿ ಗ್ರೀಸ್ ಹೋಗುತ್ತದೆ, ಆಮೇಲೆ ಬಾಲ್ಸ್ ತುಕ್ಕು ಹಿಡಿಯುತ್ತವೆ.

ಮಳೆಗಾಲದಲ್ಲಿ ಪಂಕ್ಚರ್ ಜಾಸ್ತಿ. ಗಾಜು, ಮೊಳೆ ಎಲ್ಲ ನೀರಿನ ಜೊತೆ ರಸ್ತೆ ಅಂಚಿಗೆ ಬಂದಿರುತ್ತವೆ, ಒದ್ದೆ ರಬ್ಬರ್ ಬೇಗ ಕುಯ್ದುಹೋಗುತ್ತದೆ. ಸ್ಪೇರ್ ಟ್ಯೂಬ್ ಇಟ್ಟುಕೊಳ್ಳಿ. ಒದ್ದೆ ಟ್ಯೂಬಿಗೆ ಪ್ಯಾಚ್ ಕೂರುವುದಿಲ್ಲ.

ದಾವಣಗೆರೆ ಪೆಡಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಶನಿವಾರವೇ ಮಡ್‌ಗಾರ್ಡ್ ಹಾಕಿಸುತ್ತೇನೆ. ಬೆಳಗಿನ ಪಾಳಿ ಮೇಡಂ, ಇನ್ನೆರಡು ಪ್ರಶ್ನೆ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಇರುತ್ತದೆ, ಅದನ್ನು ಏನು ಮಾಡಲಿ? ರಾತ್ರಿ ಎಂಟಾದರೂ ಮಳೆ ನಿಲ್ಲದಿದ್ದರೆ ನೀವು ಏನು ಮಾಡುತ್ತೀರಿ?

ಬೆಳಗಿನ ಪಾಳಿ

ಬ್ಯಾಗನ್ನು ಬೆನ್ನಿನಿಂದ ಇಳಿಸಿ. ಹಿಂದೆ ಕ್ಯಾರಿಯರ್ ಹಾಕಿಸಿ, ಬ್ಯಾಗನ್ನು ದಪ್ಪ ಕವರಿನಲ್ಲಿ ಸುತ್ತಿ ಎರಡು ರಬ್ಬರ್ ಹಗ್ಗದಿಂದ ಬಿಗಿಯಿರಿ. ಬೆನ್ನು ಒದ್ದೆ ಆಗುವುದಿಲ್ಲ. ಭುಜದ ಮೇಲೆ ಹಿಂದೆ ತಿರುಗಿ ವಾಹನ ನೋಡುವುದೂ ಸುಲಭ. ನಾನು ಚೂಡಿದಾರದಲ್ಲೇ ತುಳಿಯುವುದು. ದುಪಟ್ಟಾ ಬ್ಯಾಗಿನೊಳಗೆ, ಯೂನಿಫಾರ್ಮ್ ಆಸ್ಪತ್ರೆಯ ಲಾಕರಿನಲ್ಲಿ.

ಮಳೆ ನಿಲ್ಲದಿದ್ದರೆ ಸೈಕಲ್ ಅಲ್ಲೇ ಬಿಟ್ಟು ಮೆಟ್ರೋ ಹತ್ತುತ್ತೇನೆ. ವಿಧಾನಸೌಧ ಸ್ಟೇಷನ್‌ನಿಂದ ಮೆಜೆಸ್ಟಿಕ್‌ಗೆ, ಅಲ್ಲಿ ಹಸಿರು ಲೈನಿಗೆ ಬದಲಾಯಿಸಿ. ನೀವು ಜಯನಗರದಲ್ಲೇ ಇಳಿಯಬಹುದು. ಮಡಚುವ ಸೈಕಲ್ ಆಗಿದ್ದರೆ ಮೆಟ್ರೋ ಒಳಗೇ ಬಿಡುತ್ತಾರೆ, ನಮ್ಮಂಥದ್ದನ್ನು ಬಿಡುವುದಿಲ್ಲ. ಅದಕ್ಕೆ ಆಫೀಸಿನ ಸೆಕ್ಯೂರಿಟಿಯವರನ್ನು ಈಗಲೇ ಪರಿಚಯ ಮಾಡಿಕೊಳ್ಳಿ. ರಾತ್ರಿ ಸೈಕಲ್ ಇಡಲು ಸೂರಿನ ಕೆಳಗೆ, ಅವರ ಕಣ್ಣಿಗೆ ಕಾಣುವ ಜಾಗ ಕೇಳಿ. ನಮ್ಮ ಗೇಟಿನ ಅಣ್ಣ ಜನರೇಟರ್ ಪಕ್ಕ ನನ್ನ ಸೈಕಲ್‌ಗೆ ಜಾಗ ಮಾಡಿಕೊಟ್ಟಿದ್ದಾರೆ. ಅವರ ಸಹಾಯ ಇಲ್ಲದಿದ್ದರೆ ನನಗೆ ಇದು ಸಾಧ್ಯವೇ ಆಗುತ್ತಿರಲಿಲ್ಲ.

ರಾತ್ರಿ ತುಳಿಯುವುದಾದರೆ ಹಿಂದಿನ ಕೆಂಪು ಲೈಟ್ ಎರಡು ಇರಲಿ. ಒಂದು ಸೀಟಿನ ಕೆಳಗೆ, ಒಂದು ಕ್ಯಾರಿಯರ್‌ಗೆ. ಮಳೆಯಲ್ಲಿ ಒಂದು ಕೆಟ್ಟರೂ ಇನ್ನೊಂದು ಉರಿಯುತ್ತದೆ. ಮಂಜು ಕಟ್ಟಿದ ಗಾಜಿನ ಹಿಂದೆ ಕೂತ ಡ್ರೈವರಿಗೆ ನೀವು ಕಾಣಬೇಕಲ್ಲ. ಒದ್ದೆ ರಸ್ತೆಯಲ್ಲಿ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಉದುರಿದ ಹೂವು ಇವುಗಳ ಮೇಲೆ ತಿರುಗಿಸಬೇಡಿ, ಬ್ರೇಕೂ ಹಾಕಬೇಡಿ. ನೇರ ದಾಟಿ. ಬಹಳ ದಿನ ಒಣಗಿದ್ದ ರಸ್ತೆಗೆ ಮೊದಲ ಮಳೆ ಬಿದ್ದಾಗ ಧೂಳು, ಆಯಿಲ್ ಸೇರಿ ಇನ್ನೂ ಜಾರುತ್ತದೆ. ಈಗ ಮೇನಲ್ಲಿ ಆಗುತ್ತಿರುವುದು ಅದೇ.

ಶನಿವಾರ ಮಡ್‌ಗಾರ್ಡ್ ಹಾಕಿಸಿದ ಮೇಲೆ, ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ಸುಮ್ನೆ ಒಂದು ಸಲ ದಾರಿ ನೋಡಿಕೊಂಡು ಬನ್ನಿ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಮೋಟಾರ್ ವಾಹನ ಬಿಡುವುದಿಲ್ಲ, ಆರಾಮಾಗಿ ಹೋಗಬಹುದು. ಶಾಂತಿನಗರದ ತಗ್ಗಿನಲ್ಲಿ ಚರಂಡಿಯ ಜಾಲರಿ, ಮ್ಯಾನ್‌ಹೋಲ್ ಎಲ್ಲೆಲ್ಲಿ ಇವೆ ಅಂತ ಒಣಗಿರುವಾಗಲೇ ನೋಡಿಟ್ಟುಕೊಳ್ಳಿ. ಅಲ್ಲಿ ಏನಾದರೂ ಗೊಂದಲ ಆದರೆ ಇಲ್ಲೇ ಬರೆಯಿರಿ. ಈ ವಾರ ನನಗೆ ಮಧ್ಯಾಹ್ನದ ಶಿಫ್ಟ್, ಬೆಳಿಗ್ಗೆ ನೋಡುತ್ತಿರುತ್ತೇನೆ.