ಕೈಯಿಂದ ಮಾಡಿಸಿದ ಪೂಲ್ ಕ್ಯೂ: ಆಡಬೇಕೇ, ಎತ್ತಿಡಬೇಕೇ?

ಪ್ರಶ್ನೆ: ನಮಸ್ಕಾರ ಸರ್. ನಾನಿರುವುದು ಷಿಕಾಗೋದಲ್ಲಿ, ಇಲ್ಲಿನ ಎಂಟು ಚೆಂಡಿನ ಪೂಲ್ ಲೀಗ್‌ನಲ್ಲಿ ಆಡುತ್ತೇನೆ. ಒಬ್ಬ ಕುಶಲಕರ್ಮಿಗೆ ಹೇಳಿ ಮಾಡಿಸಿದ ಕ್ಯೂ (ಚೆಂಡು ಹೊಡೆಯುವ ಕೋಲು) ಬಹಳ ಕಾಯಿಸಿ ಈಗ ಕೈಸೇರಿದೆ. ಮುಂಭಾಗದ ಶಾಫ್ಟ್ ಮೇಪಲ್ ಮರದ್ದು, ತುದಿ 13 ಮಿಲಿಮೀಟರ್, ತೂಕ 19 ಔನ್ಸ್, ಹಿಂಭಾಗದ ಬಟ್‌ನಲ್ಲಿ ಬೀಟೆ ಮರ, ಹಿಡಿಗೆ ಲಿನನ್ ದಾರದ ಸುತ್ತು. ನೋಡಿದವರೆಲ್ಲ ‘ಆಡಿ ಹಾಳು ಮಾಡಬೇಡ, ಎತ್ತಿಡು, ಬೆಲೆ ಬರುತ್ತದೆ’ ಎನ್ನುತ್ತಾರೆ. ಇನ್ನೊಂದು ತೊಂದರೆಯೂ ಇದೆ. ನೇರ ಹೊಡೆತ ಸೊಗಸಾಗಿ ಹೋಗುತ್ತದೆ, ಆದರೆ ಪಕ್ಕದ ಸ್ಪಿನ್ ಕೊಟ್ಟರೆ ಗುರಿ ತಪ್ಪುತ್ತದೆ. ಹಿಂದಿನ ಕಾರ್ಖಾನೆ ಕ್ಯೂನಲ್ಲಿ ಹೀಗಾಗುತ್ತಿರಲಿಲ್ಲ. ಇದು ಕ್ಯೂ ದೋಷವೇ?

ಉತ್ತರ: ದೋಷವಲ್ಲ. ಬಿಳಿ ಚೆಂಡಿನ ಎಡಕ್ಕೆ ಹೊಡೆದರೆ ಅದು ಗುರಿಯಿಂದ ತುಸು ಬಲಕ್ಕೆ ಸರಿದೇ ಹೊರಡುತ್ತದೆ. ಎಷ್ಟು ಸರಿಯುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಶಾಫ್ಟ್‌ನ ತುದಿಯ ಕೆಲವು ಇಂಚುಗಳ ತೂಕ. ನಿಮ್ಮ ಹಳೆಯ ಕ್ಯೂನ ಶಾಫ್ಟ್ ಬಹುಶಃ ತುದಿಯಲ್ಲಿ ಹಗುರ ಮಾಡಿದ ಬಗೆಯದು. ಹೊಸದು ಗಟ್ಟಿ ಮೇಪಲ್, ಅದೂ 13 ಮಿಲಿಮೀಟರ್ ದಪ್ಪ. ಹೆಚ್ಚು ಸರಿಸುವುದು ಅದರ ಗುಣ. ಒಂದೇ ಹೊಡೆತವನ್ನು ಮೆಲ್ಲಗೆ, ನಡುವೇಗದಲ್ಲಿ, ಜೋರಾಗಿ ಹೊಡೆದು ನೋಡಿ. ಮೆಲ್ಲಗೆ ಹೊಡೆದಾಗ ಚೆಂಡು ದಾರಿಯಲ್ಲಿ ಬಾಗಿ ಗುರಿಯ ಕಡೆಗೆ ಮರಳುತ್ತದೆ, ಜೋರಾಗಿ ಹೊಡೆದಾಗ ಅದಕ್ಕೆ ಅಷ್ಟು ಸಮಯ ಸಿಗುವುದಿಲ್ಲ. ಈ ವ್ಯತ್ಯಾಸ ಕಣ್ಣಿಗೆ ಹತ್ತಿದ ಮೇಲೆ ಗುರಿ ಹಿಡಿಯುವುದು ತಾನಾಗಿ ತಿದ್ದಿಕೊಳ್ಳುತ್ತದೆ. ಆಗಲೂ ಒಗ್ಗದಿದ್ದರೆ, ಶಾಫ್ಟೂ ಬಟ್ಟೂ ತಿರುಪಿನಿಂದ ಸೇರುವ ಅದೇ ಜಾಯಿಂಟ್‌ಗೆ ಕೂರುವ ಎರಡನೆಯ ಶಾಫ್ಟ್ ಮಾಡಿಸಿ. ಜಾಯಿಂಟ್ ತಿರುಪಿನ ಅಳತೆಯನ್ನು ಮಾತ್ರ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. 5/16 ಇಂಚಿನ, ಇಂಚಿಗೆ 14 ಸುತ್ತಿನದಕ್ಕೂ 3/8 ಇಂಚಿನ, 10 ಸುತ್ತಿನದಕ್ಕೂ ಹೊಂದಿಕೆಯಿಲ್ಲ.

ಎತ್ತಿಡುವ ಮಾತಿಗೆ ನನ್ನ ಸಮ್ಮತಿಯಿಲ್ಲ. ನೀವು ಅಷ್ಟು ಕಾಯಬೇಕಾಗಿ ಬಂದದ್ದು ಯಾಕೆ ಗೊತ್ತೇ? ಒಳ್ಳೆಯ ಕೆಲಸಗಾರ ಶಾಫ್ಟನ್ನು ಒಂದೇ ಸಲಕ್ಕೆ ಕಡೆಯುವುದಿಲ್ಲ. ಲೇತ್‌ನಲ್ಲಿ ಒಂದು ಪದರ ತೆಗೆದು ತೂಗುಹಾಕುತ್ತಾನೆ, ವಾರಗಟ್ಟಲೆ ಬಿಟ್ಟು ಮತ್ತೊಂದು ಪದರ ತೆಗೆಯುತ್ತಾನೆ. ಮರದೊಳಗಿನ ಬಿಗಿ ಸಡಿಲವಾದಾಗ ಬಾಗುವ ಮರ ಆಗಲೇ ಬಾಗಿಬಿಡುತ್ತದೆ, ಅದನ್ನು ಆತ ಬದಿಗಿಡುತ್ತಾನೆ. ಉಳಿದದ್ದು ನಿಮ್ಮ ಕೈಗೆ ಬಂದಿದೆ. ಇಷ್ಟೆಲ್ಲ ಮಾಡಿದ್ದು ಹೊಡೆತಕ್ಕಾಗಿ. ರಷ್ಯಾದಲ್ಲಿ ಹುಟ್ಟಿ, ಬ್ರೂಕ್ಲಿನ್‌ನಲ್ಲಿ ಕ್ಯೂ ಮಾಡುತ್ತಿದ್ದ ಜಾರ್ಜ್ ಬಾಲಬುಷ್ಕಾ 1975ರಲ್ಲಿ ತೀರಿಕೊಂಡರು. ಅವರ ಕ್ಯೂಗಳಿಗೆ ಸಂಗ್ರಾಹಕರು ಇಂದು ದೊಡ್ಡ ಬೆಲೆ ಕೊಡುತ್ತಾರೆ ನಿಜ. ಆದರೆ ಆ ಹೆಸರು ಬೆಳೆದದ್ದು ಅವುಗಳನ್ನು ಹಿಡಿದು ಆಡಿದ ಆಟಗಾರರಿಂದ.

ಆಡಿ, ಬ್ರೇಕ್‌ಗೆ ಮಾತ್ರ ಬೇರೆ ಕ್ಯೂ ಇಟ್ಟುಕೊಳ್ಳಿ. ಚೆಂಡುಗಳ ಗುಂಪನ್ನು ಒಡೆಯುವ ಆ ಒಂದು ಏಟು ತುದಿಯ ತೊಗಲಾದ ಟಿಪ್‌ಗೂ ಅದರ ಕೆಳಗಿನ ಬಳೆಯಾದ ಫೆರೂಲ್‌ಗೂ ಕೊಡುವಷ್ಟು ಪೆಟ್ಟನ್ನು ಬೇರೆ ಯಾವ ಹೊಡೆತವೂ ಕೊಡುವುದಿಲ್ಲ.

ಪ್ರಶ್ನೆ: ಶಾಫ್ಟ್ ಟಿಪ್‌ಗೆ ಹಚ್ಚುವ ಚಾಕ್‌ನಿಂದ ನೀಲಿಯಾಗಿ, ಕೈಗೆ ಅಂಟುತ್ತಿದೆ. ಕ್ಲಬ್ಬಿನಲ್ಲಿ ಮರಳುಕಾಗದದಿಂದ ಉಜ್ಜಲು ಹೇಳುತ್ತಾರೆ.

ಉತ್ತರ: ಖಂಡಿತ ಬೇಡ. ಮರಳುಕಾಗದ ಕೊಳೆಯ ಜೊತೆ ಮರವನ್ನೂ ಒಯ್ಯುತ್ತದೆ. ಪ್ರತಿ ವಾರ ಉಜ್ಜಿದರೆ ವರ್ಷ ಕಳೆಯುವುದರೊಳಗೆ ಶಾಫ್ಟ್ ತೆಳುವಾಗಿ, ಫೆರೂಲ್ ಹತ್ತಿರ ಬೆರಳಿಗೆ ಮೆಟ್ಟಿಲು ಸಿಗುತ್ತದೆ. ನೀರು ಹಿಂಡಿ ತೆಗೆದ ಬಟ್ಟೆಯಿಂದ ಒರೆಸಿ, ಆ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಒಂದು ತುಂಡು ತೊಗಲನ್ನು ಸುತ್ತಿ ಬಿಸಿಯೇರುವಂತೆ ಮೇಲೆ ಕೆಳಗೆ ಉಜ್ಜಿ. ಪ್ರತಿ ಆಟ ಮುಗಿದೊಡನೆ ಒಣ ಬಟ್ಟೆ ಆಡಿಸುವ ಅಭ್ಯಾಸವಿದ್ದರೆ ಇದೂ ಅಪರೂಪಕ್ಕೆ ಸಾಕು. ಟಿಪ್‌ನ ದುಂಡನ್ನು ಅಲ್ಲಿನ ಐದು ಸೆಂಟಿನ ನಿಕಲ್ ನಾಣ್ಯದ ಅಂಚಿಗೆ ಹೊಂದುವಂತೆ ಇಟ್ಟುಕೊಳ್ಳಿ.

ಪ್ರಶ್ನೆ: ಇದೇ ಕ್ಯೂನಲ್ಲಿ ಸ್ನೂಕರ್ ಆಡಬಹುದೇ?

ಉತ್ತರ: ಆಡಬಹುದು, ಸುಖವಿಲ್ಲ. ಸ್ನೂಕರ್ ಚೆಂಡು 52.5 ಮಿಲಿಮೀಟರ್, ಪೂಲ್ ಚೆಂಡು 57 ಮಿಲಿಮೀಟರ್ ದಾಟುತ್ತದೆ. ಸ್ನೂಕರ್ ಕ್ಯೂನ ತುದಿ ಒಂಬತ್ತು–ಹತ್ತು ಮಿಲಿಮೀಟರ್ ಇರುವುದು ಅದಕ್ಕೇ.

ಪ್ರಶ್ನೆ: ಮಳೆಗಾಲದಲ್ಲಿ ಬೆಂಗಳೂರಿಗೆ ಬರುತ್ತೇನೆ. ತಂದರೆ ಬಾಗೀತೇ?

ಉತ್ತರ: ಬೆಂಗಳೂರಿನ ಮಳೆಗಿಂತ ನಿಮ್ಮ ಮನೆಯ ಚಳಿಗಾಲದ ಹೀಟರ್ ಬಗ್ಗೆ ನನಗೆ ಹೆಚ್ಚು ಕಳವಳ. ಒಣ ಗಾಳಿಗೆ ಮರ ಕುಗ್ಗಿದಾಗ ಬಟ್‌ನಲ್ಲಿ ಕೂರಿಸಿದ ಚೂಪು ಚಿತ್ತಾರದ ಗೆರೆಗಳ ಮೇಲೆ ಉಗುರು ಎಳೆದರೆ ತಡೆಯುತ್ತದೆ. ಕ್ಯೂವನ್ನು ಹೀಟರ್ ಹತ್ತಿರ, ಕಾರಿನ ಡಿಕ್ಕಿಯಲ್ಲಿ, ಗೋಡೆಗೆ ಓರೆಯಾಗಿ ಬಿಡಬೇಡಿ. ಬಾಗಿದೆಯೇ ಎಂದು ನೋಡಲು ಶಾಫ್ಟ್ ಬಟ್ ಬಿಚ್ಚಿ ಒಂದೊಂದನ್ನೇ ಮೇಜಿನ ಮೇಲೆ ಉರುಳಿಸಿ, ಅಡಿಯಲ್ಲಿ ಇಣುಕುವ ಬೆಳಕಿನ ಸೀಳನ್ನು ಗಮನಿಸಿ. ಉರುಳಿದಂತೆ ಸೀಳು ಹಿಗ್ಗಿ ಕುಗ್ಗಿದರೆ ಬಾಗಿದೆ ಎಂದರ್ಥ.

ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಕ್ಯೂವನ್ನು ಕೈಚೀಲದ ಜೊತೆ ಒಳಗೆ ಬಿಡುವುದಿಲ್ಲ. ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಲಗೇಜಿಗೆ ಹಾಕಿ, ಜಾಯಿಂಟ್‌ಗಳಿಗೆ ಮುಚ್ಚಳವಿರಲಿ. ಬೀಟೆಯ ಇಡೀ ಕುಲವೇ 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದಲ್ಲಿದೆ, ಹಾಗಾಗಿ ಯಾವ ಮರ ಎಂದು ಬರೆದಿರುವ ರಸೀದಿ ಜೊತೆಗಿರಲಿ. ಫೆರೂಲ್‌ನಲ್ಲೋ ಚಿತ್ತಾರದಲ್ಲೋ ಆನೆದಂತ ಬಳಸಿದ್ದಾರೆಯೇ ಎಂದು ಮಾಡಿದವರನ್ನೇ ಕೇಳಿ. ಬಳಸಿದ್ದರೆ ಕ್ಯೂ ಅಲ್ಲೇ ಇರಲಿ, ಇಲ್ಲಿಗೆ ತರಬೇಡಿ.